ವ್ಯಾಯಾಮಕ್ಕೆ ಗುರು ಬೇಕೆ?

ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಕ್ಕೂ ಸಂಗೀತ ಕಲಿಸುವುದಕ್ಕೂ ಉಪಾಧ್ಯಾಯರನ್ನು ಗೊತ್ತುಮಾಡುವುದು ನಮ್ಮ ಮನೆಗಳಲ್ಲಿ ಹಳೆಯ ಪದ್ಧತಿ. ಈಗ ದೊಡ್ಡವರ ದೇಹಕ್ಕೂ ಉಪಾಧ್ಯಾಯರು ಬಂದಿದ್ದಾರೆ. ಬೆಂಗಳೂರಿನ ದಂಡಿನ ಪ್ರದೇಶದಲ್ಲಿಯೂ ಅದರ ಪೂರ್ವಕ್ಕಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿಯೂ ಜಿಮ್ಮುಗಳಿಗೆ ಕೊರತೆಯಿಲ್ಲ. ಅಲ್ಲಿಯ ಚಂದಾ ಒಂದು. ಪಕ್ಕದಲ್ಲಿಯೇ ನಿಂತು ಹೇಳಿಕೊಡುವ ‘ಪರ್ಸನಲ್ ಟ್ರೈನರ್’ ಎಂಬಾತನಿಗೆ ತೆರಬೇಕಾದ ಸಂಭಾವನೆ ಮತ್ತೊಂದು. ಮಿತವಾದ ವರಮಾನದ ಗೃಹಸ್ಥನು ಈ ಎರಡನೆಯ ವೆಚ್ಚಕ್ಕೆ ಕೈಹಾಕುವುದು ವಿಹಿತವೆ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾದುದಿಲ್ಲ. ದಂಡೂ ನಗರವೂ ಬೇರೆ ಬೇರೆ ಆಡಳಿತದಲ್ಲಿದ್ದು, 1949ರಲ್ಲಿ ಒಂದೇ ಕಾರ್ಪೊರೇಷನ್ನಿಗೆ ಸೇರಿದುವಷ್ಟೆ. ಅದಕ್ಕೆ ಬಹು ಮೊದಲೇ ನಗರದಲ್ಲಿ ಕೆ. ವಿ. ಅಯ್ಯರ್ ಅವರು ಹರ್ಕ್ಯುಲಿಸ್ ಜಿಮ್ನಾಸಿಯಂ ಎಂಬ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದರು. ‘ಶಾಂತಲಾ’ ಕಾದಂಬರಿಯನ್ನು ಬರೆದವರೂ ಇವರೇ. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದ ಇವರು, ದೂರದ ಊರುಗಳ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರು. ಶಿಷ್ಯನ ಪಕ್ಕದಲ್ಲಿ ಗುರು ಇಲ್ಲ. ಕೈಯಲ್ಲಿ ಪಾಠವುಂಟು, ಮನಸ್ಸಿನಲ್ಲಿ ನಿಯಮವುಂಟು. ವ್ಯಾಯಾಮವು ಕಲಿತುಕೊಳ್ಳತಕ್ಕ ವಿದ್ಯೆ. ಕಲಿತವನಿಗೆ ಗುರುವಿನ ನಿತ್ಯದ ಕಾವಲು ಬೇಡ ಎಂಬುದಕ್ಕೆ ಇದೊಂದು ನಿದರ್ಶನ.

ಮೊದಲು, ಯಾರಿಗೆ ಗುರುವೇ ಬೇಡವೆಂಬುದನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯಂತೆ, ವಯಸ್ಕರಾದವರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನೂ, ಕನಿಷ್ಠ 2 ದಿನ ಸ್ನಾಯುಗಳ ಬಲಕ್ಕೆ ಬೇಕಾದ ವ್ಯಾಯಾಮವನ್ನೂ ಮಾಡಬೇಕು. ಮೊದಲನೆಯದಕ್ಕೆ ಬೇಗನೆ ನಡೆದರೆ ಸಾಕು. ದಿನಕ್ಕೆ 30 ನಿಮಿಷದಂತೆ ವಾರದಲ್ಲಿ 5 ದಿನ ನಡೆದರೆ 150 ನಿಮಿಷಗಳಾದುವು. ಬಡಾವಣೆಯ ಉದ್ಯಾನವೊಂದು ಹತ್ತಿರವಿದ್ದರೆ ಸರಿಯೆ. ನಡೆಯುವುದನ್ನು ತಾಯಿ ಕಲಿಸಿಯಾಗಿದೆ. ಅದಕ್ಕೆ ಮತ್ತೆ ಹಣ ತೆರಬೇಕಾದುದಿಲ್ಲ.

ಎರಡನೆಯದರಲ್ಲಿ ಮಾತು ಬೇರೆ. ಸೊಂಟವನ್ನು ಬಾಗಿಸಿ ಭಾರವನ್ನೆತ್ತುವುದು, ಕುಳಿತು ಏಳುವುದು, ತಳ್ಳುವುದು, ಸೆಳೆಯುವುದು—ಇವುಗಳ ಕ್ರಮ ತಪ್ಪಿದರೆ ತನ್ನ ತಪ್ಪು ತನಗೇ ಕಾಣುವುದಿಲ್ಲ. ಭಾರವನ್ನು ಎಷ್ಟರಿಂದ ಆರಂಭಿಸಬೇಕು, ಯಾವಾಗ ಹೆಚ್ಚಿಸಬೇಕು ಎಂಬುದೂ ಹೊಸಬನಿಗೆ ತಿಳಿಯದು. ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿದವರಿಗೆ, ತಾವೇ ಮಾಡಿಕೊಂಡವರಿಗಿಂತ ಬಲವು ತುಸು ಹೆಚ್ಚಾಗಿ ಬರುವುದೆಂದು ಸಂಶೋಧಕರು ಕಂಡಿದ್ದಾರೆ. ಎಂದೂ ಭಾರವೆತ್ತದ ಗೃಹಿಣಿಗೆ, ಬೀಳುವ ಭಯವಿರುವ ವೃದ್ಧರಿಗೆ, ಮಂಡಿ ಬೆನ್ನುಗಳಿಗೆ ಪೆಟ್ಟು ಬಿದ್ದು ವೈದ್ಯರಿಂದ ಅಪ್ಪಣೆ ಪಡೆದು ಬಂದವರಿಗೆ ಗುರುವಿನ ಕಣ್ಣು ದುಬಾರಿಯಾಗಲಾರದು.

ಆದರೆ ಗುರುವು ವೈದ್ಯನಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡೇ ದುಃಖಿಸಿತು. ಹೃದಯವನ್ನು ಪರೀಕ್ಷಿಸಿಕೊಳ್ಳುವವರಿಂದ ಬೆಂಗಳೂರಿನ ಆಸ್ಪತ್ರೆಗಳು ತುಂಬಿದುವು. ವ್ಯಾಯಾಮವೇ ಅಪಾಯವೆಂಬ ಭೀತಿಯೂ ಹಬ್ಬಿತು. ಈ ಭೀತಿ ನ್ಯಾಯವಲ್ಲ: ಕ್ರಮವಾಗಿ ಶ್ರಮ ಮಾಡುವವರಲ್ಲಿ ಹೃದ್ರೋಗವು ಕಡಿಮೆಯೇ. ಆದರೂ ರಕ್ತನಾಳದೊಳಗಣ ದೋಷವು ಶಿಕ್ಷಕನ ಕಣ್ಣಿಗೆ ಬೀಳುವುದಿಲ್ಲ. ಮಧುಮೇಹ, ರಕ್ತದ ಒತ್ತಡ, ಎದೆನೋವು, ಮನೆತನದಲ್ಲಿ ಹೃದ್ರೋಗ—ಇವುಗಳಲ್ಲಿ ಒಂದಿದ್ದರೂ ಮೊದಲ ಹಣವು ವೈದ್ಯರಿಗೆ ಸಲ್ಲತಕ್ಕದ್ದು. ವ್ಯಾಯಾಮದ ನಡುವೆ ಎದೆಯಲ್ಲಿ ಬಿಗಿತ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕೇ ಹೊರತು, ‘ಇನ್ನೆರಡು ಸಲ’ ಎನ್ನುವ ಮಾತಿಗೆ ಕಿವಿಗೊಡಬಾರದು. ಬಲದ ಅರ್ಧದಷ್ಟೇ ಶ್ರಮಿಸತಕ್ಕದ್ದೆಂದು ಸುಶ್ರುತಾಚಾರ್ಯರು ವಿಧಿಸಿರುವುದರಲ್ಲಿ ವಿವೇಕವುಂಟು.

ವೈದ್ಯರಿಗಿರುವಂತೆ ವ್ಯಾಯಾಮ ಶಿಕ್ಷಕರಿಗೆ ಕಾನೂನಿನ ನೋಂದಣಿಯಿಲ್ಲ. ಆದುದರಿಂದ ಪರೀಕ್ಷಿಸುವ ಭಾರ ಗೃಹಸ್ಥನ ಮೇಲೆಯೇ ಬೀಳುವುದು. ತೋಳಿನ ಗಾತ್ರವು ವಿದ್ಯೆಗೆ ಸಾಕ್ಷಿಯಲ್ಲ. ಎಲ್ಲಿ ಕಲಿತಿರಿ, ನನ್ನ ವಯಸ್ಸಿನವರಿಗೆ ಕಲಿಸಿದ್ದೀರಾ, ಪ್ರಥಮಚಿಕಿತ್ಸೆ ಬಲ್ಲಿರಾ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಗುರುವು ಮೊದಲ ದಿನ ತಾನೇ ನಿಮ್ಮ ರೋಗ, ಔಷಧ, ಹಳೆಯ ಪೆಟ್ಟುಗಳನ್ನು ವಿಚಾರಿಸುವನು. ಪ್ರತಿ ದಿನದ ಶ್ರಮವನ್ನು ಬರೆದಿಡುವನು. ತಿಂಗಳಲ್ಲಿ ಇಂತಿಷ್ಟು ತೂಕ ಇಳಿಸುವೆನೆಂದು ಮಾತುಕೊಡುವವನನ್ನೂ, ಪುಡಿ ಮಾತ್ರೆಗಳನ್ನು ಮಾರಬಂದವನನ್ನೂ, ಸೂಜಿಮದ್ದಿನ ಮಾತೆತ್ತಿದವನನ್ನೂ ಬಾಗಿಲಿನಿಂದಲೇ ಕಳುಹಿಸುವುದು ಕ್ಷೇಮ.

ಇನ್ನು ವೆಚ್ಚದ ಲೆಕ್ಕ. ವಾರಕ್ಕೆ 3 ಪಾಠದಂತೆ ವರ್ಷಪೂರ್ತಿ ಇಟ್ಟುಕೊಂಡರೆ 156 ಪಾಠಗಳ ಹಣ. ಅದಕ್ಕೆ ಬದಲಾಗಿ ಮೊದಲ 4 ವಾರ ವಾರಕ್ಕೆ 2 ಪಾಠ, ಮುಂದಿನ 8 ವಾರ ವಾರಕ್ಕೆ 1 ಪಾಠವೆಂದು ಗೊತ್ತುಮಾಡಿದರೆ 16 ಪಾಠಗಳಲ್ಲಿ ಕೆಲಸ ಮುಗಿಯುವುದು. ಕಲಿತುದನ್ನು ಉಳಿದ ದಿನ ತಾನೇ ಅಭ್ಯಾಸ ಮಾಡಬೇಕು. ‘ಯಾರಾದರೂ ಕರೆಯದಿದ್ದರೆ ನಾನು ಏಳುವುದೇ ಇಲ್ಲ’ ಎನ್ನುವವರೂ ಉಂಟು; ಅಂಥವರಿಗೆ ಬೇಕಾದುದು ಸಂಬಳದ ಗುರುವಲ್ಲ, ಸರಿಯಾದ ಹೊತ್ತಿಗೆ ಬಾಗಿಲು ತಟ್ಟುವ ನೆರೆಮನೆಯ ಸ್ನೇಹಿತರು.

ಹಣ ಕೊಡುವ ಮೊದಲು ಒಂದು ಮಾತನ್ನು ಶಿಕ್ಷಕರೊಡನೆ ಸ್ಪಷ್ಟವಾಗಿ ಆಡಿ: ‘ಮೂರು ತಿಂಗಳಾದ ಮೇಲೆ ನೀವಿಲ್ಲದೆಯೂ ನಾನು ಮಾಡುವಂತಾಗಬೇಕು, ಹಾಗೆ ಕಲಿಸುವಿರಾ?’ ಇದಕ್ಕೆ ಸಂತೋಷದಿಂದ ಒಪ್ಪಿದವರನ್ನು ಧಾರಾಳವಾಗಿ ಗೊತ್ತುಮಾಡಿಕೊಳ್ಳಬಹುದು.