ತಲೆನೋವಿಗೂ ಒಂದು ಕ್ಯಾಲೆಂಡರ್

ಲಿಂಗಸುಗೂರಿನ ಆ ಮನೆಯ ಗೋಡೆಯಲ್ಲಿದ್ದ ಶಾಬಾದಿಮಠ ಕ್ಯಾಲೆಂಡರ್ ನೋಡುತ್ತ ಕೈಯಲ್ಲಿದ್ದ ಚಹಾ ಆರಿಹೋಯಿತು. ಅಮಾವಾಸ್ಯೆ, ಏಕಾದಶಿ, ಹಾಲಿನ ಲೆಕ್ಕಗಳ ಸಂದಿಯಲ್ಲಿ ಪ್ರತಿ ತಾರೀಖಿಗೂ ಗುರುತು. ಪೆನ್ಸಿಲ್ ಚುಕ್ಕಿ ಎಂದರೆ ಮಾಮೂಲಿ ನೋವು. ಕೆಂಪು ಗೀಟು ಎಂದರೆ ತಲೆ ಸಿಡಿದ ದಿನ. ಮೂಲೆಯ ಸೊನ್ನೆಗಳು ನುಂಗಿದ ಮಾತ್ರೆಗಳು. ಚುಕ್ಕಿಯಿಲ್ಲದ ದಿನವನ್ನು ಹುಡುಕಬೇಕಿತ್ತು. ಸೊನ್ನೆಯಿಲ್ಲದ ದಿನ ಇನ್ನೂ ಅಪರೂಪ.

ಯಜಮಾನರು ಗಣಿಯೊಂದರ ಬ್ಲಾಸ್ಟಿಂಗ್ ತಂಡದಲ್ಲಿದ್ದು ನಿವೃತ್ತರಾದವರು. "ದಿನಾ ಇರೋದು ಮನ್ಯಾಗಿನ ಮಂದಿ ಇದ್ದಂಗ್ರೀ, ಹೊಂದ್ಕೊಂಡು ಹೋಗಬೇಕು. ಇನ್ನೊಂದು ದರೋಡಿ ಬಿದ್ದಂಗ ಬರ್ತದ" ಎಂದರು. ಅದು ಬಂದ ದಿನ ಕಿಟಕಿಗೆ ಕಂಬಳಿ ಕಟ್ಟಿ, ಹಣೆಗೆ ಟವೆಲ್ ಬಿಗಿದು, ಮೊಮ್ಮಕ್ಕಳನ್ನು ಪಕ್ಕದ ಮನೆಗೆ ಅಟ್ಟಿ ಮಲಗುತ್ತಾರೆ. ಒಗ್ಗರಣೆ ವಾಸನೆ ಮೂಗಿಗೆ ಬಡಿದರೂ ವಾಂತಿ.

ಅವರು ನಡುವೆ ಹೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಫೋಟಕದ ಕಡ್ಡಿ ಮುಟ್ಟಿದರೆ ಸಾಕು, ತಲೆ ಸಿಡಿಯುತ್ತಿತ್ತು. ರಜೆ ಮುಗಿಸಿ ಬಂದ ದಿನವಂತೂ ಕೇಳುವುದೇ ಬೇಡ. ಇದು ಯಾವುದೋ ಒಂದು ಗಣಿಯ ಕಥೆಯಲ್ಲ. ಡೈನಮೈಟಿನ ನೈಟ್ರೋಗ್ಲಿಸರಿನ್ ಚರ್ಮದ ಮೂಲಕವೇ ಮೈಗಿಳಿದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ದಿನವೂ ಮುಟ್ಟುತ್ತಿದ್ದರೆ ಮೈ ಒಗ್ಗುತ್ತದೆ, ಎರಡು ದಿನ ಬಿಟ್ಟರೆ ಒಗ್ಗಿದ್ದೆಲ್ಲ ಹೋಗಿ ಸೋಮವಾರ ಮತ್ತೆ ಮೊದಲಿನ ಪಾಡು. ಪಶ್ಚಿಮದ ಕಾರ್ಖಾನೆಗಳಲ್ಲಿ ರಜೆಯಲ್ಲೂ ಅಭ್ಯಾಸ ತಪ್ಪದಿರಲೆಂದು ಕೆಲವರು ಟೋಪಿಯ ಪಟ್ಟಿಗೆ ಅದನ್ನೇ ಸವರಿಕೊಳ್ಳುತ್ತಿದ್ದರಂತೆ! ಡೈನಮೈಟ್ ಕೊಟ್ಟ ನೊಬೆಲ್‌ಗೇ ಕೊನೆಗಾಲದಲ್ಲಿ ವೈದ್ಯರು ಹೃದಯದ ತೊಂದರೆಗೆ ನೈಟ್ರೋಗ್ಲಿಸರಿನ್ ಬರೆದುಕೊಟ್ಟಿದ್ದರು. ಮೈಗ್ರೇನನ್ನು ಬೇಕೆಂದೇ ಕೆರಳಿಸಿ ಅಭ್ಯಸಿಸುವ ಸಂಶೋಧಕರು ಇಂದಿಗೂ ಬಳಸುವುದು ಇದನ್ನೇ. ಈಗಿನ ಸ್ಲರಿ, ಎಮಲ್ಷನ್ ಸ್ಫೋಟಕಗಳಲ್ಲಿ ಅದಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತ ಬಂದು ಮಸ್ಕಿಯ ಅಶೋಕನ ಶಾಸನ ಕಂಡ ಗಣಿ ಎಂಜಿನಿಯರ್ ಬೀಡನ್‌ಗೆ ಈ ತಲೆನೋವಿನ ಪರಿಚಯ ಇತ್ತೋ ಏನೋ; ಅಶೋಕನಂತೂ ಆ ವಿಷಯ ಎತ್ತಿಲ್ಲ.

ಆ ಯಜಮಾನರಿಗೆ ಡೈನಮೈಟ್ ತಪ್ಪಿ ವರ್ಷಗಳೇ ಆದವು. ತಲೆನೋವು ತಪ್ಪಲಿಲ್ಲ. ಯಾಕೆಂದು ರಾಯಚೂರಿನ ವೈದ್ಯರು ಕಂಡುಕೊಂಡದ್ದು ಆ ಮೂಲೆಯ ಸೊನ್ನೆಗಳಿಂದ. ಬಗೆ ಬೇರೆಯಾದರೂ ಒಗ್ಗಿಕೊಳ್ಳುವ ಆಟ ಮಾತ್ರೆಯಲ್ಲೂ ಉಂಟು. ಬರೀ ಪ್ಯಾರಸಿಟಮಾಲ್ ಆದರೆ ತಿಂಗಳಿಗೆ 15 ದಿನ, ಕೆಫೀನ್, ಎರ್ಗಟಮಿನ್ ಬೆರೆಸಿದ್ದಾದರೆ ಬರೀ 10 ದಿನ. ಮೂರು ತಿಂಗಳು ಹೀಗೇ ನುಂಗಿದರೆ ನೋವು ಕಳೆಯಬೇಕಾದ ಮಾತ್ರೆಯೇ ನೋವು ಹುಟ್ಟಿಸತೊಡಗುತ್ತದೆ. ಮೊದಲು ಆಗೀಗ ಬರುತ್ತಿದ್ದ ಮೈಗ್ರೇನ್ ದಿನನಿತ್ಯದ್ದಾಗುತ್ತದೆ, ಕೆಂಪು ಗೀಟುಗಳು ಅದರ ಮೇಲೆ. ಬೆಂಗಳೂರಿನ ನಗರ, ಹಳ್ಳಿಗಳ 2,329 ಜನರನ್ನು ಮಾತಾಡಿಸಿ ನಿಮ್ಹಾನ್ಸ್‌ನವರು ಮಾಡಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೈಗ್ರೇನ್ ಇದ್ದವರು ಶೇ 25.2. ತಿಂಗಳಲ್ಲಿ 15 ದಿನಕ್ಕೂ ಕಡಿಮೆಯಿಲ್ಲದೆ ತಲೆನೋಯುವವರು ಶೇ 3, ಮಾತ್ರೆಯ ಅತಿಬಳಕೆಯ ಶಂಕೆಯಿದ್ದವರು ಶೇ 1.2. ಅದು ಬೆಂಗಳೂರಿನ ಲೆಕ್ಕ. ಸಿಂಧನೂರಿನಲ್ಲಿ ಎಡದಂಡೆ ಕಾಲುವೆ ನೀರಿನ ಗದ್ದೆಯೊಳಗೆ ದಿನವಿಡೀ ಬಗ್ಗಿ ನಾಟಿ ಮಾಡಿ, ಸಂಜೆ ಕಿರಾಣಿ ಅಂಗಡಿಯಲ್ಲಿ ಚಹಾಪುಡಿಯ ಜೊತೆ 'ತಲಿನೋವಿನ ಗುಳಿಗಿ' ಕೇಳುವ ಹೆಂಗಸರನ್ನು ನೋಡಿದರೆ ಇಲ್ಲಿಯ ಲೆಕ್ಕ ಕಡಿಮೆ ಇದ್ದೀತೆಂದು ನನಗನಿಸುವುದಿಲ್ಲ.

ಮಸ್ಕಿಯ ಅಜ್ಜಿಯೊಬ್ಬಳ ಮದ್ದು ಹೊತ್ತು ಹುಟ್ಟುವ ಮುಂಚೆ ಬಿಸಿ ಹಾಲಲ್ಲಿ ನೆನೆಸಿದ ಜಿಲೇಬಿ. ನನಗೆ ನಂಬಿಕೆಯಿಲ್ಲ. ಆದರೆ ಖಾಲಿ ಹೊಟ್ಟೆ ಮೈಗ್ರೇನನ್ನು ಕೆರಳಿಸುವುದು ನಿಜವಾದ್ದರಿಂದ ಅಜ್ಜಿಯನ್ನು ಪೂರ್ತಿ ತಳ್ಳಿಹಾಕಲೂ ಆಗದು. ಸಕ್ಕರೆ ಕಾಯಿಲೆಯವರು ಮಾತ್ರ ಅತ್ತ ಸುಳಿಯಬಾರದು.

ಯಜಮಾನರ ಮಾತ್ರೆ ಬಿಡಿಸಿದ್ದು ವೈದ್ಯರ ಕಣ್ಣಳತೆಯಲ್ಲೇ. ಮೊದಲ ವಾರ ನರಕ. ಮಾತ್ರೆ ಬಿಟ್ಟಾಗ ಎರಡರಿಂದ ಹತ್ತು ದಿನ ನೋವು ಹೆಚ್ಚುವುದು ಸಾಮಾನ್ಯ. ಬಹಳ ಜನ ಅಲ್ಲೇ ಸೋತು ಮತ್ತೆ ಅಂಗಡಿಗೆ ಹೋಗುತ್ತಾರೆ. ನೋವು ಬರದಂತೆ ತಡೆಯಲು ರಾತ್ರಿ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್, ಹೊತ್ತಿಗೆ ಸರಿಯಾಗಿ ನಿದ್ದೆ, ಊಟ. ಕೆಂಪು ಗೀಟಿನ ದಿನ ಮಾತ್ರೆಗೆ ಅಪ್ಪಣೆಯಿದೆ, ನೋವು ಏರುವ ಮೊದಲೇ. ವಾರಕ್ಕೆ ಎರಡು ದಿನ ಮೀರುವಂತಿಲ್ಲ. ತಿಂಗಳುಗಳು ಕಳೆದಂತೆ ಪುಟಗಳಲ್ಲಿ ಬರಿದಾದ ಚೌಕಗಳು ಕಾಣತೊಡಗಿವೆ. ಗೀಟುಗಳು ಪೂರ್ತಿ ಹೋಗಿಲ್ಲ. 2022ರಲ್ಲಿ ಮೂರು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಉಳಿದೆಡೆಗೂ ಹಬ್ಬಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಯ ಜೊತೆ ತಲೆನೋವಿಗೂ ಜಾಗ ಸಿಕ್ಕಿದೆ. ತಡವಾಗಿಯಾದರೂ ಸಿಕ್ಕಿತಲ್ಲ.

ಚುಕ್ಕಿಗೂ ಗೀಟಿಗೂ ಸೇರದ ಮೂರನೆಯದೊಂದಿದೆ. ಒಂದು ನಿಮಿಷದೊಳಗೆ ಜನ್ಮದಲ್ಲಿ ಕಾಣದಷ್ಟು ಏರುವ ನೋವು. ಜೊತೆಗೆ ಕುತ್ತಿಗೆ ಬಿಗಿತ, ಮಂಪರು, ಕೈಕಾಲು ಸೋಲುವುದೂ ಇರಬಹುದು. ಮೆದುಳಿನ ಪೊರೆಯೊಳಗೆ ರಕ್ತ ಸೋರುತ್ತಿದ್ದರೆ ಮೊದಲ ಆರು ತಾಸಿನೊಳಗಿನ ಸಿಟಿ ಸ್ಕ್ಯಾನ್‌ನಲ್ಲೇ ಅದು ಅತ್ಯಂತ ಸ್ಪಷ್ಟವಾಗಿ ಸಿಕ್ಕಿಬೀಳುತ್ತದೆ. ಲಿಂಗಸುಗೂರಿನಿಂದ ರಾಯಚೂರು ಸುಮಾರು 90 ಕಿ.ಮೀ. ದಿನವೂ ತಲೆ ನೋಯುವವರಿಗೇ ಇಲ್ಲಿ ಹೆಚ್ಚು ಅಪಾಯ, ಇದೂ ಮಾಮೂಲಿ ಎಂದು ಮಲಗಿಬಿಡುತ್ತಾರೆ. ಯಜಮಾನರು ಹೆಂಡತಿಗೆ ಮೊದಲೇ ಹೇಳಿಟ್ಟಿದ್ದಾರೆ: "ಅಂಥದ್ದು ಬಂತಂದ್ರ ಗುಳಿಗಿ ಹುಡುಕಬ್ಯಾಡ, 108ಕ್ಕ ಫೋನ್ ಹಚ್ಚು."