ಪೋರ್ಟುಗಳ ನಾಡಿಪರೀಕ್ಷೆ

ಮಾಗಡಿ ತಾಲ್ಲೂಕಿನ ಕಲ್ಯವೆಂಬ ಗ್ರಾಮವು ಚರಿತ್ರೆಯನ್ನೋದುವವರಿಗೆ ಹೊಸತಲ್ಲ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಸಂಧಿ ಮಾಡಿಸಿದ ಶಾಸನದ ಒಂದು ಪ್ರತಿ ಅಲ್ಲಿಯದು, ಇನ್ನೊಂದು ಶ್ರವಣಬೆಳಗೊಳದ್ದು. ತೀರ್ಪಿಗಿಂತಲೂ ಅದರೊಡನಿರುವ ಏರ್ಪಾಡು ಮನಸ್ಸನ್ನು ಸೆಳೆಯುವುದು: ಜೈನರ ಮನೆಗಳಿಂದ ವರ್ಷಕ್ಕೊಂದು ಹಣವನ್ನೆತ್ತಿ ಬೆಳಗೊಳದ ದೇವರ ಕಾವಲಿಗೆ 20 ಮಂದಿಯನ್ನಿಡಬೇಕು, ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಕಾವಲಿಗೂ ದುರಸ್ತಿಗೂ ಮುಂದಾಗಿಯೇ ಹಣ ತೆಗೆದಿಟ್ಟುದು ಅಂದಿನವರ ವಿವೇಕ.

ಇಂದು ಅಂತಹದೇ ಕಾವಲನ್ನು ಬೇಡುವ ವಸ್ತುವೊಂದು ಹಳ್ಳಿಗಳ ಕಡೆಗೆ ಬಂದಿರುವುದು. ಅದು ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆ. ಗ್ರಾಮಪಂಚಾಯತಿಗಳಿಗೆ ಅದನ್ನು ಒಯ್ಯಲು ಕೇಂದ್ರಸರ್ಕಾರವು 2011ರಲ್ಲಿ ಒಪ್ಪಿದ ಯೋಜನೆಗೆ 2015ರಲ್ಲಿ ಭಾರತ್‌ನೆಟ್ ಎಂದು ಹೆಸರಾಯಿತು. ಕೇಂದ್ರದಲ್ಲಿರುವ ಯಂತ್ರದ ಯಾವ ಕಿಂಡಿಗಳಿಗೆ ಈ ಎಳೆಗಳನ್ನು ಸಿಕ್ಕಿಸುವರೋ ಅವೇ ಪೋರ್ಟುಗಳು. ಒಂದೇ ಪೋರ್ಟಿನ ಬೆಳಕು ಕವಲೊಡೆದು ಹಲವು ಕಡೆಗೆ ಹೋಗುವುದುಂಟು. ಅದು ಕೆಟ್ಟರೆ ಅವೆಲ್ಲವೂ ಒಮ್ಮೆಗೇ ಮೂಕವಾಗುವುವು. ಆಗ ಕೂಲಿಯನ್ನು ಬಿಟ್ಟು ಪಹಣಿಗಾಗಿ ಬಂದವರಿಗೆ ದೊರೆಯುವ ಉತ್ತರ ‘ಸರ್ವರ್ ಇಲ್ಲ’ ಎಂಬುದೊಂದೇ. ಪಾಪ, ದೂರದ ಸರ್ವರು ನೆಟ್ಟಗೇ ಇದ್ದೀತು!

ಪೋರ್ಟಿನ ಹಸುರು ದೀಪವನ್ನು ನಂಬುವಂತಿಲ್ಲ. ಬೆಳಕು ಕ್ಷೀಣಿಸುತ್ತಿದ್ದರೂ ದೀಪವು ಕಡೆಯವರೆಗೆ ಹಸುರಾಗಿಯೇ ಉರಿಯಬಹುದು. ಆದುದರಿಂದ ಮೇಲ್ವಿಚಾರಣೆಯ ಗಣಕಯಂತ್ರವು ಕೆಲವು ನಿಮಿಷಗಳಿಗೊಮ್ಮೆ ಪ್ರತಿಯೊಂದು ಪೋರ್ಟಿನ ಯೋಗಕ್ಷೇಮವನ್ನು ವಿಚಾರಿಸುವುದು: ತೆರೆದಿರುವೆಯೋ, ಮುಚ್ಚಿರುವೆಯೋ? ಎಷ್ಟು ಸಂದೇಶಗಳು ಕೆಟ್ಟುಬಂದುವು? ಬೆಳಕಿನ ಬಲವೆಷ್ಟು? ಈ ಪ್ರಶ್ನೋತ್ತರಕ್ಕೆ 1988ರಲ್ಲಿ ರಚಿತವಾದ ಎಸ್‌ಎನ್‌ಎಂಪಿ ಎಂಬ ಕ್ರಮವೇ ಬಹುಕಾಲದಿಂದ ಆಧಾರ. ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಇಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿಯಾಗಿ, ಹೇಳುವರು. ಅಂಕಿ 3ರಷ್ಟು ಇಳಿದರೆ ಬೆಳಕು ಅರ್ಧವಾಯಿತೆಂದು ತಿಳಿಯಬೇಕು. ಇಂತಹ ಜಾಲಗಳಲ್ಲಿ ಸಾಮಾನ್ಯವಾಗಿ ಋಣ 27ರ ಸುಮಾರಿನಲ್ಲಿ ಅತ್ತ ಕಡೆಯ ಪೆಟ್ಟಿಗೆಗೆ ಬೆಳಕೇ ಕಾಣದಂತಾಗುವುದು. ಹೋದ ತಿಂಗಳು ಋಣ 20 ಇದ್ದುದು ಈ ತಿಂಗಳು ಋಣ 25 ಆಗಿದ್ದರೆ, ದೂರು ಒಂದೂ ಬಾರದಿದ್ದರೂ ರೋಗ ಹಿಡಿದಿದೆ. ಜ್ವರವೆಷ್ಟೆಂಬುದರ ಜೊತೆಗೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ತಾಯಂದಿರು ನೋಡುವರಲ್ಲವೆ?

ಒಂದು ಚಮತ್ಕಾರವನ್ನು ಹೇಳದಿರಲಾರೆನು. ಪಂಚಾಯತಿಯ ಪೆಟ್ಟಿಗೆಗೆ ಕರೆಂಟು ತಪ್ಪಿದೊಡನೆ, ಒಳಗುಳಿದ ಅಲ್ಪ ವಿದ್ಯುತ್ತಿನಿಂದ ಅದು ಕೇಂದ್ರಕ್ಕೊಂದು ಸುದ್ದಿಯನ್ನು ಕಳುಹಿಸಿ ಆರುವುದುಂಟು. ಎಂಜಿನಿಯರುಗಳು ಇದನ್ನು ಕೊನೆಯುಸಿರೆಂದೇ ಕರೆಯುವರು. ಸುದ್ದಿ ಬಂದರೆ ದೋಷ ಕರೆಂಟಿನದು; ಏನೂ ಹೇಳದೆ ಪೆಟ್ಟಿಗೆ ಮೌನವಾದರೆ, ರಸ್ತೆ ಅಗೆಯುವವರ ಹಾರೆಯು ಎಳೆಯನ್ನು ಕಡಿದಿರಬಹುದು. ಆಳನ್ನು ಎಲ್ಲಿಗೆ ಅಟ್ಟಬೇಕೆಂಬುದು ಹೀಗೆ ಕುಳಿತಲ್ಲಿಯೇ ತಿಳಿಯುವುದು.

ಆದರೆ ಮಾತುಮಾತಿಗೂ ಬಾರಿಸುವ ಗಂಟೆಗೆ ಕಿವಿ ಮುಚ್ಚಿಕೊಳ್ಳುವುದು ಮನುಷ್ಯಸ್ವಭಾವ. ಅದಕ್ಕಾಗಿಯೇ ಅನುಭವಸ್ಥರು, ಎರಡು ಮೂರು ಸಲ ವಿಚಾರಿಸಿದಾಗಲೂ ಕೆಟ್ಟ ಉತ್ತರವೇ ಬಂದರೆ ಮಾತ್ರ ಎಚ್ಚರಿಸುವಂತೆ ಯಂತ್ರವನ್ನು ಅಣಿಗೊಳಿಸುವರು. ಎಚ್ಚರಿಕೆಯನ್ನು ಕೇಳಿ ಹೋದವನು ಅನೇಕ ವೇಳೆ ಮಾಡುವುದಾದರೂ ಏನು? ಎಳೆಯ ತುದಿಯನ್ನು ಬಿಡಿಸಿ, ಬರಿಗಣ್ಣಿಗೆ ಕಾಣದ ಧೂಳನ್ನು ಒರೆಸಿ, ಮತ್ತೆ ಸಿಕ್ಕಿಸಿ, ಅಂಕಿ ಮೇಲೇರಿತೇ ಎಂದು ನೋಡುವುದು.