ಮಾಸ್ಟರಿಂಗ್: ಮನೆಯ ಧ್ವನಿಮುದ್ರಣಕ್ಕೆ ಬೇಕಾದ ಎರಡನೆಯ ಕಿವಿ

ಕಂಠ, ಹಾರ್ಮೋನಿಯಂ, ತಬಲಾ, ತಂಬೂರಿಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿಕೊಂಡು, ಒಂದಕ್ಕೊಂದು ಹೊಂದಿಸಿ, ಎಡಬಲದ ಎರಡು ಚಾನೆಲ್‌ಗಳಿಗೆ ಇಳಿಸುವುದು ಮಿಕ್ಸಿಂಗ್. ಹಾಗೆ ಸಿದ್ಧವಾದ ಹಾಡನ್ನು ಕೇಳುಗರಿಗೆ ತಲುಪುವ ಮುನ್ನ ಕೊನೆಯ ಬಾರಿ ಪರಿಶೀಲಿಸಿ, ತಿದ್ದಿ, ಬಿಡುಗಡೆಗೆ ಯೋಗ್ಯವಾದ ಮೂಲಪ್ರತಿಯನ್ನು ತಯಾರಿಸುವುದು ಮಾಸ್ಟರಿಂಗ್. ಮೈಕು, ಆಡಿಯೊ ಇಂಟರ್‌ಫೇಸ್, ಲ್ಯಾಪ್‌ಟಾಪ್ ಇದ್ದರೆ ಭಾವಗೀತೆಯೊಂದನ್ನು ಮನೆಯಲ್ಲೇ ಮುದ್ರಿಸಿ ಯೂಟ್ಯೂಬಿಗೆ ಏರಿಸಬಹುದಾದ ಈ ಕಾಲದಲ್ಲಿ ಮೊದಲನೆಯ ಕೆಲಸ ಅನೇಕರಿಗೆ ಕೈಗೆ ಹತ್ತಿದೆ. ಎರಡನೆಯದನ್ನು ಮಾತ್ರ ಹಾಡಿನ ಸದ್ದು ಹೆಚ್ಚಿಸುವ ಉಪಾಯವೆಂದೇ ಬಹುಮಂದಿ ಭಾವಿಸಿದ್ದಾರೆ.

ಈ ಕಸುಬು ಹುಟ್ಟಿದ್ದು ಗ್ರಾಮಫೋನ್ ತಟ್ಟೆಯ ಇಕ್ಕಟ್ಟಿನಲ್ಲಿ. ಟೇಪಿನ ಸಂಗೀತವನ್ನು ಲ್ಯಾಕರ್ ಲೇಪಿಸಿದ ತಟ್ಟೆಯ ಮೇಲೆ ಗೀರಾಗಿ ಕೊರೆಯುವಾಗ ಮಂದ್ರದ ನಾದಗಳು ಗೀರನ್ನು ಅಗಲಿಸಿ ಪಕ್ಕದ ಗೀರಿಗೆ ತಾಗಿಸುತ್ತಿದ್ದುದರಿಂದ, ನುಡಿಸುವಾಗ ಮುಳ್ಳು ಹಾರದಂತೆ ನೋಡಿಕೊಳ್ಳುವುದು ಕೊರೆಯುವ ತಂತ್ರಜ್ಞನ ಹೊಣೆಯಾಗಿತ್ತು. ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿ ಕೊರೆದು, ನುಡಿಸುವಾಗ ಅದನ್ನು ತಿರುಗಾಮುರುಗಾ ಮಾಡುವ ಆರ್‌ಐಎಎ ಮಾನಕ 1954ರಲ್ಲಿ ನೆಲೆಗೊಂಡದ್ದು ಈ ತೊಡಕಿನಿಂದಲೇ.

ಸಿ.ಡಿ. ಬಂದ ಮೇಲೆ ಆ ಕಷ್ಟ ಹೋಗಿ ಬೇರೊಂದು ಚಟ ಅಂಟಿತು. ಜೋರಾದದ್ದು ಕಿವಿಗೆ ಒಡನೆಯೇ ಚೆನ್ನೆನಿಸುವುದರಿಂದ, ಹಾಡಿನ ಎತ್ತರದ ಪೆಟ್ಟುಗಳನ್ನು ಲಿಮಿಟರ್ ಎಂಬ ಸಾಧನದಿಂದ ಅದುಮಿ ಉಳಿದುದೆಲ್ಲವನ್ನೂ ಮೇಲೆತ್ತುವ ಪೈಪೋಟಿ 1990ರ ದಶಕದಲ್ಲಿ ಬೆಳೆಯಿತು. 2008ರಲ್ಲಿ ಹೊರಬಂದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಈ ಅತಿರೇಕದ ಹೆಸರಾಂತ ನಿದರ್ಶನ: ಅದೇ ಹಾಡುಗಳು ವಿಡಿಯೊ ಗೇಮ್ ಒಂದರಲ್ಲಿ ಅಷ್ಟು ಅದುಮಿರದ ರೂಪದಲ್ಲಿ ಸಿಕ್ಕಾಗ, ಅಭಿಮಾನಿಗಳು ಅದನ್ನೇ ಮೆಚ್ಚಿ ಸಿ.ಡಿ.ಯ ವಿರುದ್ಧ ದೂರಿದರು. ಇಂದು ಆ ಪೈಪೋಟಿಗೆ ಅರ್ಥ ಕಡಿಮೆ. ಕಿವಿಗೆ ತೋರುವ ಸರಾಸರಿ ಗಟ್ಟಿತನವನ್ನು ಅಳೆಯುವ ಎಲ್‌ಯುಎಫ್‌ಎಸ್ ಎಂಬ ಮಾನವನ್ನು ಬಳಸಿ ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಮೈನಸ್ 14ರ ಆಸುಪಾಸಿಗೆ ತರುತ್ತದೆ. ಮೈನಸ್ 8ಕ್ಕೆ ಏರಿಸಿದ ಹಾಡನ್ನು ಅಲ್ಲಿ ಇಳಿಸಿಯೇ ನುಡಿಸುವುದರಿಂದ, ಸದ್ದಿನ ಲಾಭ ಹೋಗಿ ಅದುಮಿದ ಗಾಯವಷ್ಟೇ ಉಳಿಯುತ್ತದೆ.

ಹಾಗಾದರೆ ಮನೆಯ ಮುದ್ರಣಕ್ಕೆ ನಿಜವಾಗಿ ಕೊರತೆಯಾಗಿರುವುದೇನು? ಬಹುಪಾಲು ಅದು ಸಾಫ್ಟ್‌ವೇರ್ ಅಲ್ಲ, ಕೋಣೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ನಾದವು ನಿಂತ ಅಲೆಯಾಗಿ ಸಿಕ್ಕಿಬಿದ್ದು, ಗೋಡೆಯ ಬಳಿ ಉಬ್ಬಿ, ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ನಡುವೆ ಕುರ್ಚಿ ಹಾಕಿಕೊಂಡವರು ಮಂದ್ರ ಸಾಲದೆಂದು ಅದನ್ನು ಏರಿಸುತ್ತಾರೆ. ಆ ಹಾಡು ಕಾರಿನ ಸ್ಪೀಕರಿನಲ್ಲಿ ಗುಮ್ಮೆನ್ನುತ್ತದೆ. ಕಿವಿಯೂ ಪೂರ್ತಿ ನಂಬಿಕೆಗೆ ತಕ್ಕದ್ದಲ್ಲ: ಸದ್ದು ಮೆಲ್ಲಗಿದ್ದಾಗ ಮಂದ್ರದ ನಾದಗಳು ಉಳಿದವುಗಳಿಗಿಂತ ಹೆಚ್ಚು ಕ್ಷೀಣವಾಗಿ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ರೇಖಾಚಿತ್ರಗಳಲ್ಲಿ ತೋರಿಸಿದ್ದರು. ಆದ್ದರಿಂದಲೇ ಅನುಭವಿಗಳು ತಮ್ಮ ಹಾಡಿನ ಪಕ್ಕದಲ್ಲಿ ಅದೇ ಜಾತಿಯ, ಚೆನ್ನಾಗಿ ಮುದ್ರಿತವಾದ ಹಾಡೊಂದನ್ನು ಇಟ್ಟುಕೊಂಡು, ಎರಡರ ಸದ್ದನ್ನೂ ಸಮ ಮಾಡಿ, ಆಮೇಲೆ ಹೋಲಿಸುತ್ತಾರೆ. ಸಮ ಮಾಡದ ಹೋಲಿಕೆಯಲ್ಲಿ ಜೋರಾದದ್ದೇ ಗೆಲ್ಲುತ್ತದೆ.

ಬಿಲಿ ಐಲಿಶ್ ಅವರ 2019ರ ಮೊದಲ ಆಲ್ಬಂ ಲಾಸ್ ಏಂಜಲೀಸಿನ ಮನೆಯೊಂದರಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ ಮುದ್ರಿತವಾಯಿತೆಂಬುದು ಮನೆಮುದ್ರಕರೆಲ್ಲರ ನಾಲಗೆಯ ಮೇಲಿದೆ. ಆದರೆ ಅದನ್ನು ಮಿಕ್ಸ್ ಮಾಡಿದವರು ರಾಬ್ ಕಿನೆಲ್ಸ್ಕಿ, ಮಾಸ್ಟರ್ ಮಾಡಿದವರು ಜಾನ್ ಗ್ರೀನ್‌ಹ್ಯಾಮ್ ಎಂಬುದನ್ನೂ, 2020ರಲ್ಲಿ ಉತ್ತಮ ಧ್ವನಿಗ್ರಹಣದ ಗ್ರ್ಯಾಮಿಯಲ್ಲಿ ಅವರಿಬ್ಬರಿಗೂ ಪಾಲಿತ್ತೆಂಬುದನ್ನೂ ಅಷ್ಟೇ ಉತ್ಸಾಹದಿಂದ ಹೇಳುವವರು ವಿರಳ.

ಈ ಹೊರಗಿನ ಕಿವಿಗೂ ಮಿತಿಯುಂಟು. ಸದ್ದಿನ ಏರಿಳಿತವನ್ನು ತಗ್ಗಿಸುವ ಕಂಪ್ರೆಸರನ್ನು ಇಡೀ ಹಾಡಿನ ಮೇಲೆ ಬಿಗಿಯಾಗಿ ಹಾಕಿದರೆ, ಗಾಯಕರು ಚರಣಕ್ಕೆ ಮುನ್ನ ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ತಂಬೂರಿ ಮುಂದಕ್ಕೆ ನುಗ್ಗಿ, ಸಾಹಿತ್ಯ ಶುರುವಾದೊಡನೆ ಹಿಂದೆ ಸರಿಯುತ್ತದೆ. ಹಾಗೆಯೇ ‘ಸ’, ‘ಶ’ಗಳ ಸೀಟಿ ತಗ್ಗಿಸಲು ಈಕ್ವಲೈಸರಿನಲ್ಲಿ ತಾರವನ್ನು ಇಳಿಸಿದರೆ ತಬಲಾದ ಅಂಚಿನ ಪೆಟ್ಟೂ ಮಂಕಾಗುತ್ತದೆ, ಏಕೆಂದರೆ ಎರಡು ಚಾನೆಲ್‌ಗಳಲ್ಲಿ ಬೆರೆತುಹೋದವನ್ನು ಬಿಡಿಸಿ ತಿದ್ದುವುದು ಸುಲಭವಲ್ಲ. ಆದುದರಿಂದ ಮನೆಯಿಂದ ಕಳಿಸುವ ಮಿಕ್ಸ್ 24 ಬಿಟ್‌ನದಾಗಿ, ಲಿಮಿಟರ್ ಹಾಕದೆ, ಮೇಲೆ ಕೆಲವು ಡೆಸಿಬೆಲ್‌ಗಳ ಜಾಗ ಉಳಿಸಿಕೊಂಡಿರುವುದು ಒಳ್ಳೆಯದು. ಎಂಪಿ3ಯಂಥ ರೂಪಗಳಿಗೆ ಕುಗ್ಗಿಸುವಾಗ ಶಿಖರಗಳು ತುಸು ಏರುವುದರಿಂದ, ಕೊನೆಯ ಪ್ರತಿಯ ಗರಿಷ್ಠ ಮಟ್ಟವನ್ನು ಮೈನಸ್ 1 ಡೆಸಿಬೆಲ್‌ಗೆ ನಿಲ್ಲಿಸುವುದು ವಾಡಿಕೆ. ಮಾಸ್ಟರಿಂಗ್ ಮಾಡುವವರು ಫೈಲನ್ನು ಹಿಂದಿರುಗಿಸಿ ‘ಕಂಠವನ್ನು ಒಂದು ಡೆಸಿಬೆಲ್ ಇಳಿಸಿ ಮತ್ತೆ ಕಳಿಸಿ’ ಎಂದರೆ ಅದು ಅವರ ಸೋಮಾರಿತನವಲ್ಲ. ಆ ತಿದ್ದುಪಡಿಗೆ ಮಿಕ್ಸಿಂಗೇ ಸರಿಯಾದ ಜಾಗ.